ಬಾಗಿದಾಗ ಗಟ್ಟಿಯಾಗುವ ಬ್ಲೇಡು

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಸ್ವಲ್ಪ ದೂರದ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯೊಳಗೆ ನನಗೊಂದು ಹಳೆಯ ರೇಜರ್ ಸಿಕ್ಕಿತು. ಹಿಡಿಕೆಯ ಬೆಳ್ಳಿಬಣ್ಣದ ಲೇಪ ಸವೆದು ಒಳಗಿನ ಹಿತ್ತಾಳೆ ಹೊರಬಂದಿತ್ತು. ತಿರುಗಿಸಿ ಬಿಚ್ಚಿದಾಗ ಮುಚ್ಚಳದ ಒಳಮೈಯಲ್ಲಿ ನಡುವೆ ಒಂದು ತಿರುಪು, ಅದರ ಎರಡೂ ಬದಿಗೆ ಗಿಡ್ಡನೆಯ ಎರಡು ಗೂಟ ಕಂಡವು. ಕೆಳಗಿನ ತಟ್ಟೆಯ ಅಂಚಿನುದ್ದಕ್ಕೂ ಬಾಚಣಿಗೆಯಂತಹ ಹಲ್ಲುಗಳಿದ್ದವು. ಇದಕ್ಕೆ ಈಗ ಬ್ಲೇಡು ಸಿಗುವುದಿಲ್ಲ, ಸುಮ್ಮನೆ ಶೋಕೇಸಿನಲ್ಲಿ ಇಡಬೇಕಷ್ಟೇ ಎಂದರು ಅಂಗಡಿಯವರು. ಆ ಮಾತು ತಪ್ಪೆಂದು ನನಗೆ ಗೊತ್ತಿತ್ತು. ಕೇಳಿದ ಬೆಲೆ ಕೊಟ್ಟು ತಂದೆ.

ಕಿರಾಣಿ ಅಂಗಡಿಯಲ್ಲಿ ಎರಡು ಮೂರು ರೂಪಾಯಿಗೆ ಸಿಗುವ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ನೋಟ್‌ಬುಕ್ಕಿನ ಹಾಳೆ ಹೆಚ್ಚುಕಡಿಮೆ ಅಷ್ಟೇ ದಪ್ಪವಿರುತ್ತದೆ. ಇಷ್ಟು ತೆಳ್ಳಗಿನ ಉಕ್ಕು ಗಡ್ಡದ ಕೂದಲಿಗೆ ಎದುರಾಗಿ ನಡುಗದೆ, ಅಲೆಯಾಗದೆ ನಿಲ್ಲುವುದು ಹೇಗೆ? ಹಾಳೆಯೊಂದು ಬಾಗುವಿಕೆಗೆ ತೋರುವ ವಿರೋಧ ಅದರ ದಪ್ಪದ ಘನದ ಪ್ರಮಾಣದಲ್ಲಿರುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಬಿಗಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕ ನೋಡಿದರೆ ಇಂತಹ ಬ್ಲೇಡು ಕೆಲಸಕ್ಕೇ ಬಾರದು.

ಹಿಂದಿನವರು ಅದಕ್ಕೇ ದಪ್ಪವನ್ನು ನಂಬಿದರು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಪೇಟೆಂಟ್ ಪಡೆದ ರೇಜರಿನಲ್ಲಿ ಇದ್ದದ್ದು ಕ್ಷೌರದ ಕತ್ತಿಯ ಒಂದು ತುಂಡಿನಂತಹ ಅಲಗು. ಬೆನ್ನು ದಪ್ಪ, ಬಾಯಿ ತೆಳು, ಸಣ್ಣದೊಂದು ಬೆಣೆಯ ಹಾಗೆ. ಗಟ್ಟಿಯೇನೋ ಹೌದು, ಆದರೆ ಅದನ್ನು ಮತ್ತೆ ಮತ್ತೆ ಮಸೆಯಬೇಕಿತ್ತು. ಬಳಸಿ ಎಸೆಯುವಷ್ಟು ಅಗ್ಗದ, ತೆಳುವಾದ ತಗಡಿನ ಬ್ಲೇಡು ಬೇಕೆಂದು ಹಟ ಹಿಡಿದವನು ಕಿಂಗ್ ಕ್ಯಾಂಪ್ ಜಿಲೆಟ್. ತೆಳು ಉಕ್ಕನ್ನು ಹದಗೊಳಿಸಿ ಹರಿತ ಮಾಡುವ ಯಂತ್ರಗಳನ್ನು ರೂಪಿಸಿಕೊಟ್ಟವನು ವಿಲಿಯಂ ನಿಕರ್ಸನ್. 1903ರಲ್ಲಿ ಮಾರಾಟವಾದದ್ದು ಬರೀ 51 ರೇಜರ್, 168 ಬ್ಲೇಡು. ಮರುವರ್ಷವೇ ರೇಜರುಗಳ ಸಂಖ್ಯೆ 90 ಸಾವಿರ ದಾಟಿತು.

ಅದರ ಗುಟ್ಟು ಬಾಗಿನಲ್ಲಿದೆ. ನನ್ನ ರೇಜರಿನ ಮುಚ್ಚಳವನ್ನು ಬದಿಯಿಂದ ನೋಡಿದರೆ ಕಮಾನಿನಂತೆ ಕಾಣುತ್ತದೆ. ತಿರುಪು ಬಿಗಿಯುತ್ತಾ ಹೋದಂತೆ ಚಪ್ಪಟೆ ಬ್ಲೇಡು ಆ ಕಮಾನಿಗೆ ಅಂಟಿಕೊಂಡು ಬಾಗುತ್ತದೆ. ಒಂದು ದಿಕ್ಕಿನಲ್ಲಿ ಬಾಗಿದ ಹಾಳೆ ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಸುಲಭವಾಗಿ ಬಾಗಲಾರದು. ಹಾಗಾಗಿ ಬ್ಲೇಡು ಅಗಲದಲ್ಲಿ ಬಾಗಿ, ಉದ್ದದಲ್ಲಿ, ಅಂದರೆ ಬಾಯಿಯ ಉದ್ದಕ್ಕೂ, ಸೆಟೆದು ನಿಲ್ಲುತ್ತದೆ. ಬಿಸಿ ಜೋಳದ ರೊಟ್ಟಿಯನ್ನು ಒಂದು ಅಂಚಿನಲ್ಲಿ ಹಿಡಿದು ಎತ್ತಿ ನೋಡಿ, ಜೋತು ಬೀಳುತ್ತದೆ. ಅದನ್ನೇ ದೋಣಿಯಂತೆ ತುಸು ಬಾಗಿಸಿ ಹಿಡಿಯಿರಿ, ಆಚೆಯ ತುದಿ ನೆಟ್ಟಗೆ ನಿಲ್ಲುತ್ತದೆ. ಬಡಗಿಯ ಉಕ್ಕಿನ ಟೇಪು ಗಾಳಿಯಲ್ಲಿ ಮಾರುದ್ದ ಚಾಚಿದರೂ ಮುರಿದು ಬೀಳದಿರುವುದು ಅದರ ಮೈ ಕೊಂಚ ತೊಟ್ಟಿಲಿನಂತೆ ಬಾಗಿರುವುದರಿಂದ. ಹಾವೇರಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ನೆರಳು ಕೊಡುವ ಪತ್ರಾಸು ಕೂಡ ಅದೇ ಕಾರಣಕ್ಕೆ ಏರಿಳಿತದ್ದು. ಅದೇ ತಗಡನ್ನು ಸಪಾಟು ಮಾಡಿ ಹೊದಿಸಿದರೆ ತನ್ನ ಭಾರಕ್ಕೇ ಕುಸಿದೀತು. ರೊಟ್ಟಿ, ಟೇಪು, ಪತ್ರಾಸು, ಬ್ಲೇಡು ನಾಲ್ಕೂ ದಪ್ಪ ಹೆಚ್ಚಿಸಿಕೊಳ್ಳದೆ ಬರೀ ಆಕಾರದಿಂದ ಬಲ ಪಡೆಯುತ್ತವೆ. ಈ ನಿಯಮದ ಹಿಂದಿನ ಗಣಿತವನ್ನು 19ನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಗಣಿತಜ್ಞ ಗಾಸ್ ಬರೆದಿಟ್ಟ. ಮುಖಕ್ಷೌರದಂತಹ ದಿನನಿತ್ಯದ ಕೆಲಸದೊಳಗೆ ಅದು ಕುಳಿತಿದೆ ಎನ್ನುವುದೇ ನನಗೆ ದೊಡ್ಡ ಸಂತೋಷ.

ಬಾಗಿಗೂ ಒಂದು ಮಿತಿ ಇದೆ. ನಮ್ಮ ಕ್ಷೌರದಂಗಡಿಗಳಲ್ಲಿ ಕತ್ತಿಯ ಹಿಡಿಗೆ ಸಿಕ್ಕಿಸಲು ಬ್ಲೇಡನ್ನು ಅರ್ಧ ಮಾಡುವುದನ್ನು ಗಮನಿಸಿದ್ದೀರಾ? ಕಾಗದ ಸುತ್ತಿದ ಬ್ಲೇಡನ್ನು ಉದ್ದಕ್ಕೆ ಮಡಚುತ್ತಾರೆ, ಟಕ್ ಎಂದು ಎರಡು ಹೋಳು. ಅಷ್ಟು ಹದ ಮಾಡಿದ ಉಕ್ಕು ಸ್ವಲ್ಪ ಬಾಗಿಸಿದರೆ ಸ್ಪ್ರಿಂಗಿನಂತೆ ಮರಳುತ್ತದೆ, ಮಿತಿ ಮೀರಿದರೆ ಗಾಜಿನಂತೆ ಮುರಿಯುತ್ತದೆ.

ಜಿಲೆಟ್‌ನ ದಾರಿಯನ್ನು ಎಲ್ಲರೂ ಹಿಡಿಯಲಿಲ್ಲ. ಇಂಗ್ಲೆಂಡಿನ ರೋಲ್ಸ್ ರೇಜರಿನ ಲೋಹದ ಪೆಟ್ಟಿಗೆಯಲ್ಲಿ ಒಂದು ಮುಚ್ಚಳಕ್ಕೆ ಮಸೆಗಲ್ಲು, ಇನ್ನೊಂದಕ್ಕೆ ಚರ್ಮ. ಒಳಗಿನ ದಪ್ಪ ಅಲಗು ಹಿಡಿಯನ್ನು ಎಳೆದು ನೂಕಿದಂತೆಲ್ಲ ಮಗುಚಿಕೊಳ್ಳುತ್ತಾ ತಾನೇ ಮಸೆದುಕೊಳ್ಳುತ್ತಿತ್ತು. ಅಮೆರಿಕದ ಸೇನಾಧಿಕಾರಿ ಜೇಕಬ್ ಶಿಕ್ ಬಂದೂಕಿನ ಮ್ಯಾಗಜೀನಿನಂತೆ ಬ್ಲೇಡುಗಳನ್ನು ಸಾಲಾಗಿ ತುಂಬಿದ, ಹೊಸದನ್ನು ನೂಕಿದರೆ ಹಳೆಯದು ಹೊರಬೀಳುವ ರೇಜರನ್ನು ತಂದ. ಹೆನ್ರಿ ಗೈಸ್‌ಮನ್‌ನ ಆಟೋಸ್ಟ್ರಾಪ್ ರೇಜರಿನಲ್ಲಿ ಬ್ಲೇಡು ಮಸೆಯುವ ಚರ್ಮದ ಪಟ್ಟಿಯನ್ನು ರೇಜರಿನ ತಲೆಯೊಳಗೇ ತೂರಿಸಿ ಎಳೆಯಬಹುದಿತ್ತು.

ಇವತ್ತಿನ ಬ್ಲೇಡಿನ ನಡುವಿನ ವಿಚಿತ್ರ ಸೀಳು ಈ ಗೈಸ್‌ಮನ್‌ನ ಜಗಳದ ಗುರುತು. ಜಿಲೆಟ್ ಬ್ಲೇಡಿಗೆ ಮೊದಲು ಇದ್ದದ್ದು ಮೂರು ದುಂಡು ತೂತು. 1921ರಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದು ಯಾರು ಬೇಕಾದರೂ ಅಂತಹ ಬ್ಲೇಡು ಮಾಡುವಂತಾಯಿತು. ಗೈಸ್‌ಮನ್ ಬೇರೆ ಆಕಾರದ ತೂತಿನ ಬ್ಲೇಡು ತಂದ. ಅದು ಜಿಲೆಟ್ ರೇಜರಿಗೂ ಹೊಂದುತ್ತಿತ್ತು, ಜಿಲೆಟ್ ಬ್ಲೇಡು ಮಾತ್ರ ಅವನ ರೇಜರಿಗೆ ಹೊಂದುತ್ತಿರಲಿಲ್ಲ. 1930ರಲ್ಲಿ ಜಿಲೆಟ್ ಕಂಪನಿಯೂ ಸೀಳಿರುವ ಬ್ಲೇಡು ತಂದಿತು. ವ್ಯಾಜ್ಯ ಎದ್ದು, ಕೊನೆಗೆ ಅದೇ ವರ್ಷ ಎರಡೂ ಕಂಪನಿಗಳು ಒಂದಾದವು. ಹಳೆಯ ಗಿರಾಕಿಗಳನ್ನು ಬಿಟ್ಟುಕೊಡದಂತೆ ಆ ಸೀಳಿನಲ್ಲಿ ಮೂರು ತೂತುಗಳಿಗೂ ಜಾಗ ಉಳಿಸಿದ್ದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಧಾರವಾಡದ ಪರಿಚಯದ ಮನೆಯೊಂದರ ಕನ್ನಡಿಯ ಕೆಳಗೆ ತಾಮ್ರದ ಪಿರಮಿಡ್ ಇದೆ, ಅದರೊಳಗೆ ಬ್ಲೇಡು. ರಾತ್ರಿಯಿಡೀ ಇಟ್ಟರೆ ಮತ್ತೆ ಹರಿತವಾಗುತ್ತದಂತೆ. ಮಾರಿದವರು ಇದಕ್ಕೆ ವಿದೇಶಿ ಪೇಟೆಂಟ್ ಇದೆ ಎಂದೂ ಹೇಳಿದ್ದಾರೆ. ಪೇಟೆಂಟ್ ಇರುವುದು ನಿಜ. ಜೆಕೊಸ್ಲೊವಾಕಿಯಾದ ಕಾರೆಲ್ ಡರ್ಬಲ್ ಎಂಬವನಿಗೆ 1959ರಲ್ಲಿ ಅದು ಸಿಕ್ಕಿತು. ಆದರೆ ಪೇಟೆಂಟ್ ಎಂದರೆ ಪ್ರಯೋಗದಲ್ಲಿ ಗೆದ್ದ ಸತ್ಯವಲ್ಲ. ಬ್ಲೇಡು ಮೊಂಡಾಗುವುದು ಹೇಗೆಂದು 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ತೋರಿಸಿದ್ದಾರೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಓರೆಯಾಗಿ ಎದುರಾದ ಕೂದಲು, ಉಕ್ಕಿನ ಒಳರಚನೆ ಏಕರೂಪವಾಗಿರದ ಕಡೆ, ಅಂಚಿನಿಂದ ಚೂರು ಎಬ್ಬಿಸುತ್ತದೆ. ಆ ಚೂರು ನೀರಿನೊಂದಿಗೆ ಬಚ್ಚಲಿಗೆ ಹರಿದು ಹೋಗಿರುತ್ತದೆ. ಹೋದ ಉಕ್ಕನ್ನು ಯಾವ ಪಿರಮಿಡ್ ಮರಳಿ ತಂದೀತು? ನಂಬಲಾರದವರು ಒಂದು ಬ್ಲೇಡನ್ನು ಪಿರಮಿಡ್ಡಿನೊಳಗೆ, ಇನ್ನೊಂದನ್ನು ರಟ್ಟಿನ ಡಬ್ಬಿಯೊಳಗೆ ಇಟ್ಟು, ಯಾವುದು ಯಾವುದೆಂದು ಗುರುತು ತಿಳಿಯದಂತೆ ಮನೆಯವರ ಕೈಯಿಂದ ಹಾಕಿಸಿಕೊಂಡು ಒಂದು ತಿಂಗಳು ಬಳಸಿ ನೋಡಲಿ. ಪಿರಮಿಡ್ಡಿಗೆ ಸುರಿಯುವ ಸಾವಿರಾರು ರೂಪಾಯಿ ಉಳಿಯುತ್ತದೆ.

ಮರುದಿನ ಬೆಳಗ್ಗೆ ಮೂಲೆಯಂಗಡಿಯಿಂದ ಒಂದು ಬ್ಲೇಡು ತಂದು ಗುಜರಿಯ ರೇಜರಿಗೆ ಹಾಕಿದೆ. ನಡುವಿನ ತಿರುಪು, ಎರಡು ಗೂಟ, ಮೂರೂ ಆ ಸೀಳಿನೊಳಗೆ ಸರಿಯಾಗಿ ಇಳಿದವು. ಹಿಡಿಕೆಯನ್ನು ಪೂರ್ತಿ ಬಿಗಿದಾಗ ಬ್ಲೇಡು ಹಲ್ಲುಗಳ ಮರೆಗೆ ಸರಿದು ಕೆನ್ನೆಯ ಮೇಲೆ ಮೆತ್ತಗೆ ಜಾರಿತು. ಕಾಲು ಸುತ್ತು ಸಡಿಲಿಸಿದೆ. ಬಾಗು ತುಸು ಕಡಿಮೆಯಾಗಿ ಅಂಚು ಕೂದಲೆಳೆಯಷ್ಟು ಹೊರಬಂತು, ಗದ್ದದ ಒರಟು ಕೂದಲು ಕೆರೆಯುವ ಸದ್ದು ಆಗ ಸ್ಪಷ್ಟವಾಗಿ ಕೇಳಿಸಿತು.