ಹೊಳೆಗೆ ಹಾರುವವರ ಲೆಕ್ಕ

ಉಕ್ಕಿ ಹರಿಯುವ ಹೊಳೆಯಲ್ಲಿ ಮಗುವೊಂದು ಕೊಚ್ಚಿಹೋಗುತ್ತಿದೆ. ಹಾರಿದರೆ ಮಗು ಉಳಿಯುತ್ತದೆ, ಆದರೆ ಹಾರಿದವರು ಮುಳುಗುವ ಸಂಭವ ಹತ್ತರಲ್ಲಿ ಒಂದು. 1955ರಲ್ಲಿ ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಈ ಸನ್ನಿವೇಶವನ್ನು ಓದುಗರ ಮುಂದಿಟ್ಟು, ಹೀಗೆ ಹಾರಿಸುವ ಅಪರೂಪದ ವಂಶವಾಹಿಯೊಂದು ಇದ್ದರೆ ತಲೆಮಾರುಗಳ ಓಟದಲ್ಲಿ ಅದರ ಗತಿ ಏನಾದೀತು ಎಂದು ಲೆಕ್ಕ ಹಾಕಿದರು. ಮಗು ಹಾರಿದವರದೇ ಆಗಿದ್ದರೆ, ಅಥವಾ ಅವರ ಒಡಹುಟ್ಟಾಗಿದ್ದರೆ, ಅದೇ ವಂಶವಾಹಿ ಅದರಲ್ಲೂ ಇರುವ ಸಂಭವ ಎರಡರಲ್ಲಿ ಒಂದು. ಇಂಥ ಹತ್ತು ಜಿಗಿತಗಳಲ್ಲಿ ಒಬ್ಬ ರಕ್ಷಕನೊಂದಿಗೆ ಆ ವಂಶವಾಹಿಯ ಒಂದು ಪ್ರತಿ ನಾಶವಾದರೆ, ಬದುಕುಳಿದ ಹತ್ತು ಮಕ್ಕಳಲ್ಲಿ ಸರಾಸರಿ ಐದು ಪ್ರತಿಗಳು ಉಳಿಯುತ್ತವೆ. ಮೊಮ್ಮಗುವಾದರೆ ಎರಡೂವರೆ. ಚಿಕ್ಕಪ್ಪನ ಅಥವಾ ಸೋದರಮಾವನ ಮಗುವಾದರೆ ಬರೀ ಒಂದೂಕಾಲು; ಲಾಭವಿದೆ, ಆದರೆ ತೀರ ತೆಳು.

ಈ ಲೆಕ್ಕವನ್ನು 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಎಂಬ ಯುವ ವಿಜ್ಞಾನಿ ಒಂದು ನಿಯಮವಾಗಿ ಕಟ್ಟಿದರು: ನೆರವು ಪಡೆದವರಿಗೆ ಆದ ಲಾಭವನ್ನು ಸಂಬಂಧದ ಪ್ರಮಾಣದಿಂದ (ಒಡಹುಟ್ಟಿಗೆ ಅರ್ಧ, ಮೊಮ್ಮಗುವಿಗೆ ಕಾಲು) ಗುಣಿಸಿದಾಗ, ಬರುವ ಮೊತ್ತವು ನೆರವು ಕೊಟ್ಟವರ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಅಂಥ ಸ್ವಭಾವ ಹರಡುತ್ತದೆ. ಪ್ರಾಣಿಗಳು ತಮ್ಮ ಪ್ರಭೇದದ ಒಳಿತಿಗಾಗಿ ಸಾಯುತ್ತವೆ ಎಂಬ, ಇಂದಿಗೂ ಸಾಕ್ಷ್ಯಚಿತ್ರಗಳ ನಿರೂಪಣೆಯಲ್ಲಿ ಕೇಳಿಬರುವ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಪ್ರಭೇದಕ್ಕಾಗಿ ಸಾಯುವವರ ನಡುವೆ ಸಾಯಲೊಲ್ಲದವನೊಬ್ಬ ಹುಟ್ಟಿದರೆ, ಮುಂದಿನ ತಲೆಮಾರು ಅವನ ಮಕ್ಕಳಿಂದಲೇ ತುಂಬುತ್ತದೆ.

ಇಲ್ಲಿ ಜಾಣ ಓದುಗರು ಸದಾ ಒಂದು ಪ್ರಶ್ನೆ ಎತ್ತುತ್ತಾರೆ, ಅದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಯಾವ ಇಬ್ಬರು ಮನುಷ್ಯರ ಡಿಎನ್‌ಎ ಹೋಲಿಸಿದರೂ ಶೇಕಡ 99ಕ್ಕಿಂತ ಹೆಚ್ಚು ಒಂದೇ ಆಗಿರುತ್ತದೆ. ಹಾಗಿರುವಾಗ ತಮ್ಮನಿಗೆ ಅರ್ಧ, ಅಪರಿಚಿತನಿಗೆ ಸೊನ್ನೆ ಎನ್ನುವುದು ಹೇಗೆ? ಉತ್ತರ ತಕ್ಕಡಿಯಲ್ಲಿದೆ. ಎಣ್ಣೆ ತೂಗುವವರು ಮೊದಲು ಡಬ್ಬಿಯ ತೂಕ ಕಳೆಯುತ್ತಾರೆ. ಎಲ್ಲರಲ್ಲೂ ಇರುವ ವಂಶವಾಹಿಗಳು ಆ ಡಬ್ಬಿ. ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳೂ ಒಪ್ಪಿಕೊಂಡ ಸಂಗತಿಯಿಂದ ಯಾರೂ ಗೆಲ್ಲುವುದಿಲ್ಲ. ಗೆಲುವು ಸೋಲು ನಿರ್ಧಾರವಾಗುವುದು ಅವರು ಭಿನ್ನವಾಗುವ ಕಡೆ. ಹೊಳೆಯ ನೀರೆಲ್ಲ ಏರಿದಾಗ ದೋಣಿಗಳೆಲ್ಲ ಏರುತ್ತವೆ, ಅದರಿಂದ ಯಾವ ದೋಣಿಯೂ ಇನ್ನೊಂದಕ್ಕಿಂತ ಎತ್ತರವಾಗುವುದಿಲ್ಲ. ನಿಸರ್ಗದ ಆಯ್ಕೆಗೆ ಕಾಣುವುದು ವ್ಯತ್ಯಾಸ ಮಾತ್ರ. ಆದ್ದರಿಂದ ಹ್ಯಾಮಿಲ್ಟನ್ ಅವರ ಅರ್ಧವೆಂದರೆ ಒಟ್ಟು ಹೋಲಿಕೆಯಲ್ಲ. ಜನಸಮೂಹದ ಸರಾಸರಿಗಿಂತ ಮೇಲಕ್ಕೆ, ಒಂದೇ ತಂದೆತಾಯಿಯಿಂದ ಬಂದ ಕಾರಣಕ್ಕೆ ಸಿಕ್ಕ ಹೆಚ್ಚುವರಿ ಹೋಲಿಕೆ. ಈ ಒಂದು ಅಂಶ ಮನದಟ್ಟಾದರೆ ಉಳಿದದ್ದೆಲ್ಲ ಸಲೀಸು.

ಜೇನುಹುಳು ಕುಟುಕಿದ ಜಾಗವನ್ನು ಎಂದಾದರೂ ಹತ್ತಿರದಿಂದ ನೋಡಿ. ಕೊಂಡಿಯಲ್ಲಿ ಹಿಂದಕ್ಕೆ ಬಾಗಿದ ಗರಗಸದಂಥ ಹಲ್ಲುಗಳಿರುವುದರಿಂದ ಅದು ನಮ್ಮ ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆ. ಹುಳು ಹಾರಲು ಎಳೆದಾಗ ವಿಷದ ಚೀಲ, ಅದನ್ನು ಒತ್ತುವ ಸ್ನಾಯು, ಆ ಸ್ನಾಯುವನ್ನು ನಡೆಸುವ ನರದ ಗಂಟು ಎಲ್ಲವೂ ಅದರ ಹೊಟ್ಟೆಯಿಂದ ಕಿತ್ತು ಹಿಂದೆ ಉಳಿಯುತ್ತವೆ. ಹುಳು ದೂರ ಹೋದ ಮೇಲೂ ಆ ಪುಟ್ಟ ಬಿಳಿ ಚೀಲ ಮಿಡಿಯುತ್ತ ವಿಷ ತುಂಬುತ್ತಲೇ ಇರುತ್ತದೆ. ಸಾಯಲು ಹೊರಟ ಕೆಲಸಗಾರ ಜೇನು ಸಾಮಾನ್ಯವಾಗಿ ತಾನು ಸಂತಾನ ಪಡೆಯುವುದಿಲ್ಲ; ಅದರ ವಂಶವಾಹಿಗಳು ಮುಂದೆ ಸಾಗುವುದು ಗೂಡಿನಲ್ಲಿರುವ ತಾಯಿ ರಾಣಿಯ ಮೂಲಕ. 1859ರಲ್ಲಿ ಡಾರ್ವಿನ್ ತಮ್ಮ ಸಿದ್ಧಾಂತವನ್ನು ಪ್ರಕಟಿಸುವಾಗ, ಸಂತಾನವಿಲ್ಲದ ಈ ಕೀಟಗಳು ತಮಗೆ ಮೊದಲಿಗೆ ದಾಟಲಾಗದ ತೊಡಕಾಗಿ ಕಂಡವೆಂದು ಒಪ್ಪಿಕೊಂಡಿದ್ದರು. ಆ ತೊಡಕನ್ನು ಬಿಡಿಸಿದ್ದು ಇದೇ ಲೆಕ್ಕ.

ಹಾಗಾದರೆ ರಕ್ತವೇ ರಕ್ತವನ್ನು ಗುರುತಿಸುತ್ತದೆ, ಕಾಣದ ಬಂಧು ಎದುರಾದರೂ ಒಳಗಿನಿಂದ ಸೆಳೆತ ಹುಟ್ಟುತ್ತದೆ ಎಂಬ ನಂಬಿಕೆಗೆ ವಿಜ್ಞಾನ ಮುದ್ರೆ ಒತ್ತಿತೆಂದು ಕೆಲವರು ಸಂಭ್ರಮಿಸುತ್ತಾರೆ. ಇದು ಪೂರ್ತಿ ತಪ್ಪು, ಮತ್ತು ಅಪಾಯಕಾರಿ ತಪ್ಪು. ಏಕೆಂದರೆ ಇದೇ ನಂಬಿಕೆ ಮುಂದೆ ಕುಲದ ರಕ್ತ, ಜನಾಂಗದ ರಕ್ತ ಎಂಬ ಮಾತುಗಳಿಗೆ ಬೆಳೆಯುತ್ತದೆ. ರಕ್ತಕ್ಕೆ ಅಂಥ ಶಕ್ತಿ ಇದ್ದಿದ್ದರೆ ಕಾಗೆಯ ಗೂಡಿನಲ್ಲಿ ಕೋಗಿಲೆಯ ಮರಿ ಒಂದು ದಿನವೂ ಬದುಕುತ್ತಿರಲಿಲ್ಲ. ಕಾಗೆಗೆ ಗೊತ್ತಿರುವ ನಿಯಮ ಒಂದೇ: ನನ್ನ ಗೂಡಿನಲ್ಲಿ ಬಾಯಿ ತೆರೆದದ್ದಕ್ಕೆ ಉಣಿಸು. ಕ್ಯಾಲಿಫೋರ್ನಿಯಾದ ಬೆಟ್ಟದ ಹುಲ್ಲುಗಾವಲಿನ ನೆಲ ಅಳಿಲುಗಳಲ್ಲಿ, ಬೇಟೆಪ್ರಾಣಿ ಕಂಡಾಗ ತನ್ನ ಜೀವವನ್ನು ಅಪಾಯಕ್ಕೊಡ್ಡಿ ಕೂಗುವವು ಹೆಚ್ಚಾಗಿ ಹತ್ತಿರದಲ್ಲೇ ಬಂಧುಗಳಿರುವ ಹೆಣ್ಣುಗಳು ಎಂದು ಪಾಲ್ ಶೆರ್ಮನ್ 1977ರಲ್ಲಿ ತೋರಿಸಿದರು. ಹೆಣ್ಣುಗಳು ಹುಟ್ಟಿದ ನೆಲದಲ್ಲೇ ತಾಯಿ, ಅಕ್ಕತಂಗಿಯರ ಬಳಿ ಉಳಿಯುತ್ತವೆ, ಗಂಡುಗಳು ದೂರ ಹೋಗುತ್ತವೆ. ಜೊತೆಗೆ ಬೆಳೆದವರ ಬಗ್ಗೆ ಕಾಳಜಿ ಹುಟ್ಟಿದರೆ ಸಾಕು, ಅಲ್ಲಿ ಲೆಕ್ಕ ತಾನಾಗಿ ಸರಿಹೋಗುತ್ತದೆ. ಲೆಕ್ಕ ಮಾಡಿದ್ದು ಅಸಂಖ್ಯ ತಲೆಮಾರುಗಳ ಸಾವು ಬದುಕು. ಜೀವಿಯ ಕೈಗೆ ಬಂದದ್ದು ಲೆಕ್ಕವಲ್ಲ, ಮಮತೆ. ಮತ್ತು ಮಮತೆ ಯಾರ ವಂಶವೃಕ್ಷವನ್ನೂ ಕೇಳುವುದಿಲ್ಲ. ಸಾಕುಮಗುವಿಗಾಗಿ ಬೆಂಕಿಗೆ ನುಗ್ಗುವ ತಾಯಿಯದು ಹೆತ್ತ ತಾಯಿಯದೇ ಮಮತೆ.

ಅಪರಿಚಿತರಿಗಾಗಿ ಜೀವವನ್ನು ಪಣಕ್ಕಿಡುವವರ ವಿಷಯಕ್ಕೂ ಇದೇ ದಾರಿ ತೋರಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1904ರಲ್ಲಿ ಕಲ್ಲಿದ್ದಲ ಗಣಿಯೊಂದು ಸ್ಫೋಟಿಸಿ, ಸಿಕ್ಕಿಬಿದ್ದವರನ್ನು ಹುಡುಕಲು ಇಳಿದ ಇಬ್ಬರು ಸತ್ತಾಗ, ಉದ್ಯಮಿ ಆಂಡ್ರೂ ಕಾರ್ನೆಗಿ ಇಂಥವರಿಗಾಗಿ ಪದಕ ಮತ್ತು ನೆರವಿನ ನಿಧಿಯೊಂದನ್ನು ಸ್ಥಾಪಿಸಿದರು. ಆ ಪದಕ ಪಡೆದ 51 ಮಂದಿಯ ಹೇಳಿಕೆಗಳನ್ನು 2014ರಲ್ಲಿ ಸಂಶೋಧಕರು ಪರಿಶೀಲಿಸಿದಾಗ, ಯೋಚಿಸಿ ನಿರ್ಧರಿಸಿದವರಿಗಿಂತ ತಟ್ಟನೆ ಮುನ್ನುಗ್ಗಿದವರೇ ಬಹಳ ಹೆಚ್ಚೆಂದು ಕಂಡುಬಂತು. ಅದೇ ವರ್ಷ ಅಬಿಗೈಲ್ ಮಾರ್ಷ್ ಮತ್ತು ಸಂಗಡಿಗರು, ಗುರುತೇ ಇಲ್ಲದವರಿಗೆ ಮೂತ್ರಪಿಂಡ ಕೊಟ್ಟ 19 ಜನರ ಮಿದುಳನ್ನು ನೋಡಿದರು. ಭಯದಂಥ ಭಾವನೆಗಳಿಗೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಅವರಲ್ಲಿ ಬಲಬದಿಯಲ್ಲಿ ಇತರರಿಗಿಂತ ದೊಡ್ಡದಿತ್ತು, ಹೆದರಿದ ಮುಖ ಕಂಡರೆ ಹೆಚ್ಚು ಸ್ಪಂದಿಸುತ್ತಿತ್ತು. ಇನ್ನೊಬ್ಬರ ಭಯ ಅವರಿಗೆ ಬೇಗ ತಟ್ಟುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಲ್ಡೇನ್ ಕೂಡ ಅದೇ 1955ರ ಬರಹದಲ್ಲಿ, ಮುಳುಗುತ್ತಿರಬಹುದಾದವರನ್ನು ತಾವು ಎರಡು ಸಲ ನೀರಿನಿಂದ ಎಳೆದು ತಂದಾಗ ಇಂಥ ಲೆಕ್ಕಕ್ಕೆ ಸಮಯವೇ ಇರಲಿಲ್ಲವೆಂದು ಬರೆದಿದ್ದಾರೆ. ಆದರೆ ಅವರು ಸಾಕಷ್ಟು ಸಮಯವಿದ್ದೂ ಅಪಾಯಕ್ಕಿಳಿದದ್ದುಂಟು. 1939ರ ಜೂನ್‌ನಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಪರೀಕ್ಷಾರ್ಥ ಸಂಚಾರದಲ್ಲಿ ಮುಳುಗಿ 99 ಮಂದಿ ಸತ್ತ ಬಳಿಕ, ಮುಳುಗಿದ ಹಡಗಿನಿಂದ ಹೊರಬರುವಾಗ ಒತ್ತಡ ಮತ್ತು ಕೆಟ್ಟ ಗಾಳಿ ದೇಹಕ್ಕೆ ಏನು ಮಾಡುತ್ತವೆಂದು ತಿಳಿಯಲು, ಅವರು ಉಕ್ಕಿನ ಒತ್ತಡಕೋಣೆಯೊಳಗೆ ತಾವೇ ಹೋಗಿ ಕುಳಿತರು. ಇಂಥ ಪ್ರಯೋಗಗಳಲ್ಲೊಮ್ಮೆ ಹೆಚ್ಚು ಒತ್ತಡದ ಆಮ್ಲಜನಕದಿಂದ ಮೈಸೆಳೆತ (ಫಿಟ್ಸ್) ಬಂದು ಅವರ ಬೆನ್ನುಮೂಳೆಯ ಮಣಿಗಳು ಜಜ್ಜಿಹೋದವು. ಅವರು ಉಳಿಸಲು ಹೊರಟಿದ್ದು ಮುಂದೆಂದೋ ಮುಳುಗಬಹುದಾದ ಹಡಗುಗಳ, ತಾವು ಮುಖವನ್ನೇ ಕಾಣದ ನಾವಿಕರನ್ನು.