ಡಾರ್ವಿನ್ ಕಾಲಿಡದ ದ್ವೀಪದಲ್ಲಿ ಡಾರ್ವಿನ್ ಕೇಂದ್ರ

ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದಲ್ಲಿ ಡಾರ್ವಿನ್ ಹೆಸರಿನ ಸಂಶೋಧನಾ ಕೇಂದ್ರ ಇರುವುದು ಸಾಂತಾ ಕ್ರೂಜ್ ದ್ವೀಪದಲ್ಲಿ. 1835ರಲ್ಲಿ ಡಾರ್ವಿನ್ ಈ ದ್ವೀಪಸಮೂಹದಲ್ಲಿ ಐದು ವಾರ ಇದ್ದ. ಸಾನ್ ಕ್ರಿಸ್ಟೋಬಲ್, ಫ್ಲೊರಿಯಾನಾ, ಇಸಬೆಲಾ, ಸಾಂಟಿಯಾಗೊ, ಈ ನಾಲ್ಕು ಕಡೆ ಇಳಿದು ಓಡಾಡಿದ. ಸಾಂತಾ ಕ್ರೂಜ್‌ಗೆ ಮಾತ್ರ ಕಾಲೇ ಇಡಲಿಲ್ಲ.

ಇದನ್ನು ಕೇಳಿದವರು ನಗುತ್ತಾರೆ. ಜಾಗ ಹುಡುಕಿದವರಿಗೆ ಅಷ್ಟೂ ಗೊತ್ತಿರಲಿಲ್ವಾ ಅಂತ ಕೇಳುವವರೂ ಇದ್ದಾರೆ. ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಕಟ್ಟಿದರು. ಸಂಶೋಧನಾ ಕೇಂದ್ರ ಎಂದರೆ ಸ್ಮಾರಕ ಅಲ್ಲ.

ಇನ್ನೊಂದು ತಪ್ಪು ಕಲ್ಪನೆ ಇದಕ್ಕಿಂತ ಗಟ್ಟಿ. ಮನುಷ್ಯರ ಸೋಂಕೇ ಇಲ್ಲದ, ಜೀವಿಗಳು ತುಂಬಿ ತುಳುಕುವ ಜಾಗದಲ್ಲೇ ಕೇಂದ್ರ ಇರಬೇಕಂತೆ. ಹಾಗಾದರೆ ಫೆರ್ನಾಂಡಿನಾ ಆಗಬೇಕಿತ್ತು. ಹೊರಗಿನಿಂದ ಬಂದ ಇಲಿ, ಆಡು, ಬೆಕ್ಕು ಯಾವುದೂ ಇಲ್ಲದ ದೊಡ್ಡ ದ್ವೀಪ ಅದು. ಆದರೆ ಅಂಥ ಕಡೆ ಅಡುಗೆಮನೆ, ಉಗ್ರಾಣ, ದೋಣಿಕಟ್ಟೆ ಕಟ್ಟಿದರೆ ಮೊದಲ ಮೂಟೆಯ ಜೊತೆಗೇ ಇರುವೆ, ಕಳೆಬೀಜ, ಇಲಿ ಬಂದಿಳಿಯುತ್ತವೆ. ಯಾವ ಶುದ್ಧತೆಯನ್ನು ನೋಡಲು ಹೋದೆವೋ ಅದನ್ನು ನಾವೇ ಮುಗಿಸುತ್ತೇವೆ. ಜೊತೆಗೆ ಅದು ಜೀವಂತ ಜ್ವಾಲಾಮುಖಿ ಬೇರೆ. 1968ರಲ್ಲಿ ಅದರ ಬಾಯಿಯ ತಳ ಸುಮಾರು 300 ಮೀಟರ್ ಕೆಳಕ್ಕೆ ಕುಸಿಯಿತು.

1957ರಲ್ಲಿ ಯುನೆಸ್ಕೋ ಪರವಾಗಿ ಐರೆನೌಸ್ ಐಬಲ್-ಐಬೆಸ್‌ಫೆಲ್ಟ್ ಮತ್ತು ರಾಬರ್ಟ್ ಬೋಮನ್ ಎಂಬ ಇಬ್ಬರು ಜೀವವಿಜ್ಞಾನಿಗಳು ಗಲಾಪಗೋಸ್‌ಗೆ ಹೋದರು. ದ್ವೀಪಗಳ ಸ್ಥಿತಿ ನೋಡುವುದು, ಕೇಂದ್ರಕ್ಕೆ ಜಾಗ ಹುಡುಕುವುದು, ಎರಡೂ ಅವರ ಕೆಲಸ. ನೀರೊಂದನ್ನೇ ನೋಡಿದ್ದರೆ ಸಾನ್ ಕ್ರಿಸ್ಟೋಬಲ್ ಗೆಲ್ಲಬೇಕಿತ್ತು. ಅಲ್ಲಿ ಬೆಟ್ಟದ ಮೇಲೆ ಸಿಹಿನೀರಿನ ಕೆರೆಯೇ ಇದೆ. ಆದರೆ ಆ ದ್ವೀಪ ಪೂರ್ವದ ಅಂಚಿನಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಕಬ್ಬಿನ ತೋಟ ಅಲ್ಲಿನ ಕಾಡನ್ನು ನುಂಗಿತ್ತು. ಅವರು ಆರಿಸಿದ್ದು ಸಾಂತಾ ಕ್ರೂಜ್‌ನ ದಕ್ಷಿಣ ತೀರದ ಅಕಾಡೆಮಿ ಕೊಲ್ಲಿ. ಅಲ್ಲಿ ನೀರಿನ ಪಾಡು ಕಷ್ಟದ್ದೇ. ಲಾವಾ ಬಿರುಕುಗಳಲ್ಲಿ ಸಿಗುವ ಸವುಳು ನೀರು, ಇಲ್ಲವೇ ಹಿಡಿದಿಟ್ಟ ಮಳೆನೀರು. ಆದರೆ ದ್ವೀಪಸಮೂಹದ ನಡುಮಧ್ಯದ ಜಾಗ, ಹಡಗು ಲಂಗರು ಹಾಕಲು ಕೊಲ್ಲಿ, ಪಕ್ಕದಲ್ಲೇ 1920ರ ದಶಕದಲ್ಲಿ ನಾರ್ವೆಯವರು ಬಂದು ನೆಲೆಸಿದ್ದ ಪುಟ್ಟ ಊರು. ದೋಣಿ ರಿಪೇರಿಗೆ ಜನ ಸಿಗುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ. 1959ರಲ್ಲಿ ಕೇಂದ್ರವನ್ನು ನಡೆಸುವ ಡಾರ್ವಿನ್ ಪ್ರತಿಷ್ಠಾನ ಹುಟ್ಟಿತು, 1964ರಲ್ಲಿ ಕೇಂದ್ರ ಉದ್ಘಾಟನೆ ಆಯಿತು.

ಇಷ್ಟು ಹೇಳಿದರೆ ಸಾಕಿತ್ತೇನೋ. ಆದರೆ ಈ ಜಾಗದ ನಿಜವಾದ ಸೊಗಸು ಅದರ ಹವೆಯಲ್ಲಿದೆ. ಅದನ್ನು ಹೇಳದೆ ನನಗೆ ಸಮಾಧಾನ ಆಗುವುದಿಲ್ಲ.

ಗಲಾಪಗೋಸ್ ಇರುವುದು ಸಮಭಾಜಕದ ಮೇಲೆ. ಹಾಗಂತ ಅಲ್ಲಿನ ಸಮುದ್ರ ಸದಾ ಬೆಚ್ಚಗಿರುವುದಿಲ್ಲ. ದಕ್ಷಿಣದಿಂದ ಹಂಬೋಲ್ಟ್ ಪ್ರವಾಹ ತಣ್ಣೀರು ತರುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಆ ನೀರಿಗೆ ತಗುಲಿದ ಗಾಳಿ ತಂಪಾಗಿ, ತೇವ ಹೊತ್ತು ಕೆಳಗೇ ಉಳಿಯುತ್ತದೆ. ಅದರ ಮೇಲೆ ಬಿಸಿಯಾದ ಒಣ ಗಾಳಿಯ ಪದರ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮೋಡ ಎತ್ತರಕ್ಕೆ ಬೆಳೆಯಲಾರದು, ಜೋರು ಮಳೆಯೂ ಬಾರದು. ಆಗ್ನೇಯದಿಂದ ಬೀಸುವ ಗಾಳಿ ಈ ತೇವವನ್ನೆಲ್ಲ ತಳ್ಳಿಕೊಂಡು ಬಂದು ಸಾಂತಾ ಕ್ರೂಜ್‌ನ ದಕ್ಷಿಣ ಇಳಿಜಾರಿಗೆ ಒತ್ತುತ್ತದೆ. ಗಾಳಿ ಇಳಿಜಾರು ಹತ್ತುತ್ತಾ ಇನ್ನಷ್ಟು ತಣಿದು ಮಂಜಾಗುತ್ತದೆ. ಅಲ್ಲಿನವರು ಇದನ್ನು ಗರೂವಾ ಅನ್ನುತ್ತಾರೆ. ಗಂಟೆಗಟ್ಟಲೆ ಸುಮ್ನೆ ಜಿನುಗುತ್ತಲೇ ಇರುತ್ತದೆ. ಬೆಟ್ಟ ದಾಟಿ ಉತ್ತರಕ್ಕೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗುತ್ತದೆ, ಆ ಕಡೆ ಒಣಗಿರುತ್ತದೆ. ತಗ್ಗು ದ್ವೀಪಗಳಿಗಂತೂ ಈ ಮಂಜು ಸಿಗುವುದೇ ಇಲ್ಲ, ತಡೆದು ನಿಲ್ಲಿಸಲು ಅಲ್ಲಿ ಬೆಟ್ಟ ಬೇಕಲ್ಲ.

ಇದರ ಫಲ ನೋಡಿ. ಕೊಲ್ಲಿಯ ದಡದಲ್ಲಿ ಮರದಷ್ಟು ಎತ್ತರದ ಪಾಪಾಸುಕಳ್ಳಿ, ವರ್ಷದ ಬಹುಪಾಲು ಎಲೆಯೇ ಇಲ್ಲದ ಪಾಲೊ ಸಾಂತೊ ಮರ. ಅಲ್ಲಿಂದ ಮೇಲೆ ಹತ್ತುತ್ತಾ ಹೋದರೆ ಸ್ಕಲೇಸಿಯಾ ಕಾಡು ಸಿಗುತ್ತದೆ. ಇದು ಸೂರ್ಯಕಾಂತಿಯ ಕುಟುಂಬದ್ದೇ ಗಿಡ, ಆದರೆ ಇಲ್ಲಿ ಹದಿನೈದು ಮೀಟರ್‌ವರೆಗೆ ಬೆಳೆದು ಮರವಾಗಿದೆ! ಅದರ ಕೊಂಬೆಗಳಿಗೆ ಹಾವಸೆ ದಪ್ಪಗೆ ಸುತ್ತಿಕೊಂಡಿರುತ್ತದೆ, ಮಂಜಿನಿಂದ ನೀರು ಹೀರುವುದು ಅದೇ. ಇನ್ನೂ ಮೇಲೆ ಮೈಕೋನಿಯಾ ಪೊದೆಗಳು. 864 ಮೀಟರ್ ಎತ್ತರದ ನೆತ್ತಿಯ ಸುತ್ತ ಜರೀಗಿಡ ಮತ್ತು ಜೊಂಡು. ಬೆಳಗ್ಗೆ ದಡದಿಂದ ಹೊರಟವರು ಮರುಭೂಮಿಯನ್ನೂ ಮಂಜುಕಾಡನ್ನೂ ಒಂದೇ ದ್ವೀಪದಲ್ಲಿ ನೋಡಬಹುದು. ಇಡೀ ದ್ವೀಪಸಮೂಹದ ಬಹುತೇಕ ಹವೆಗಳು ಕೇಂದ್ರದ ಬೆನ್ನ ಹಿಂದಿನ ಇಳಿಜಾರಿನಲ್ಲೇ ಇವೆ. ಹವಾಮಾನ ದಾಖಲೆಗೂ ಇದು ಒಳ್ಳೆಯ ಜಾಗ ಅಂತ ಸಮುದ್ರದ ನೀರು ಅತಿಯಾಗಿ ಬಿಸಿಯಾಗುವ ಎಲ್ ನಿನೊ ತೋರಿಸಿತು: ಸಾಮಾನ್ಯವಾಗಿ ಒಣಗಿರುವ ಆ ದಡದಲ್ಲಿ 1983ರಲ್ಲಿ 2,700 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯಿತು.

ನಡುಮಧ್ಯದ ಜಾಗ ಯಾಕೆ ಮುಖ್ಯ ಅನ್ನಲು ಡಾರ್ವಿನ್ನನ ಪೇಚಾಟವೇ ಸಾಕ್ಷಿ. ಫಿಂಚ್ ಹಕ್ಕಿಗಳನ್ನು ಕಂಡ ಕೂಡಲೇ ಅವನಿಗೆ ಜೀವವಿಕಾಸದ ಜ್ಞಾನೋದಯ ಆಯಿತು ಅನ್ನುವುದು ಬರೀ ಕಟ್ಟುಕಥೆ. ಬಹುಪಾಲು ಫಿಂಚ್‌ಗಳನ್ನು ಯಾವ ದ್ವೀಪದಲ್ಲಿ ಹಿಡಿದದ್ದು ಅಂತ ಅವನು ಚೀಟಿಯೇ ಬರೆದಿರಲಿಲ್ಲ. 1837ರಲ್ಲಿ ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೋಲ್ಡ್ ಅವನ್ನು ನೋಡಿ ಇವೆಲ್ಲ ಹತ್ತಿರದ ಬಂಧುಗಳು ಎಂದ ಮೇಲೆ, ಹಡಗಿನ ಕಪ್ತಾನ ಫಿಟ್ಜ್‌ರಾಯ್ ಮತ್ತಿತರರ ಸಂಗ್ರಹ ತಡಕಬೇಕಾಯಿತು. ಇಲ್ಲಿನ ವಿಜ್ಞಾನ ಇರುವುದೇ ದ್ವೀಪ ದ್ವೀಪದ ನಡುವಿನ ವ್ಯತ್ಯಾಸದಲ್ಲಿ. ಹಾಗಾಗಿ ಒಂದೇ ಕಡೆ ಕೂತವನಿಗಿಂತ ಎಲ್ಲ ಕಡೆ ಹೋಗಿ ಬರಬಲ್ಲವನಿಗೆ ಹೆಚ್ಚು ಕಾಣುತ್ತದೆ. 1973ರಿಂದ ದಶಕಗಳ ಕಾಲ ಫಿಂಚ್‌ಗಳನ್ನು ಅಳೆದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ಕೆಲಸ ಮಾಡಿದ್ದು ಪುಟ್ಟ ಡಾಫ್ನೆ ಮೇಜರ್‌ನಲ್ಲಿ. ಅಲ್ಲಿ ಕಟ್ಟಡ ಇಲ್ಲ, ಕುಡಿಯುವ ನೀರಿಲ್ಲ. ಓಲಾಡುವ ದೋಣಿಯಿಂದ ಬಂಡೆಯ ಚಾಚಿಗೆ ಕಾಲಿಟ್ಟು ಹತ್ತಬೇಕು, ನೀರಿನ ಕ್ಯಾನುಗಳನ್ನೂ ಹಾಗೇ ಏರಿಸಬೇಕು. ಅಲ್ಲಿ ಕೇಂದ್ರ ಕಟ್ಟಿದ್ದರೆ ಅಳೆಯಲು ಹಕ್ಕಿಗಳೇ ಉಳಿಯುತ್ತಿದ್ದವೋ ಇಲ್ಲವೋ. ಪಿಂಜೋನ್ ದ್ವೀಪದ ಆಮೆಮರಿಗಳನ್ನು ಇಲಿಗಳು ಮುಗಿಸುತ್ತಿದ್ದಾಗಲೂ ಇದೇ ಉಪಾಯ. 1965ರಲ್ಲಿ ಮೊಟ್ಟೆಗಳನ್ನು ಸಾಂತಾ ಕ್ರೂಜ್‌ಗೆ ತಂದು ಮರಿ ಮಾಡಿಸಲು ಶುರುಮಾಡಿದರು. ಚಿಪ್ಪು ಗಟ್ಟಿಯಾಗುವವರೆಗೆ ಸಾಕಿ ವಾಪಸ್ ಬಿಟ್ಟರು.

ಪ್ರಶ್ನೆ ಬೇರೆಯಾದರೆ ಜಾಗದ ಲೆಕ್ಕವೂ ಬೇರೆ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದ ಹವಾಯಿಯ ಮೌನಾ ಲೋವಾದಲ್ಲಿ ಜೀವಿಗಳು ಕಮ್ಮಿ ಇರುವುದೇ ಅನುಕೂಲ. 3,397 ಮೀಟರ್ ಎತ್ತರದ ಬೋಳು ಲಾವಾ, ಗಾಳಿಯ ಲೆಕ್ಕ ಕೆಡಿಸಲು ಹತ್ತಿರದಲ್ಲಿ ಗಿಡಮರ ಇಲ್ಲ. ಆದರೂ ಹಗಲು ಕೆಳಗಿನ ಕಾಡಿನ ಗಾಳಿ ಹತ್ತಿ ಬರುತ್ತದೆ, ರಾತ್ರಿ ಕೆಲವೊಮ್ಮೆ ಜ್ವಾಲಾಮುಖಿಯ ಅನಿಲ ಇಳಿದು ಬರುತ್ತದೆ. ಅಂಥ ಹೊತ್ತಿನ ಅಳತೆಗಳನ್ನು ಸೋಸಿ ತೆಗೆಯಬೇಕು.

ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ ಜಾಗದ ಆಯ್ಕೆ ಮೊದಲ ಸಲ ಕೈಕೊಟ್ಟಿತು. 1955-56ರಲ್ಲಿ ಬಂದವರು ಗ್ಲೆನ್ ಎಂಬ ಕಣಿವೆಯಲ್ಲಿ ಮನೆ ಕಟ್ಟಿದರು. ಸುತ್ತ ಬೆಟ್ಟ, ಇರಲು ಒಳ್ಳೆಯ ಆಸರೆ. ಹವಾಮಾನ ಅಳೆಯುವವರಿಗೆ ಆ ಆಸರೆಯೇ ಅಡ್ಡಿಯಾಯಿತು. ಬೆಟ್ಟದ ಮರೆಯಲ್ಲಿ ಅಳೆದ ಗಾಳಿ ಸಮುದ್ರದ ಮೇಲೆ ಬೀಸುವ ಗಾಳಿ ಅಲ್ಲವೇ ಅಲ್ಲ. 1963ರಲ್ಲಿ ಕೇಂದ್ರವನ್ನು ದಕ್ಷಿಣ ತೀರದ ಬಯಲಿಗೆ ಎತ್ತಿಕೊಂಡು ಹೋದರು.