ಭಯಕ್ಕೆ ಹೆಸರಿಟ್ಟು ಪ್ರಾರ್ಥಿಸಿ

ಆಪ್ತಸಮಾಲೋಚನೆಗೆ ಬರುವ ಕ್ರೈಸ್ತರಲ್ಲಿ ಬಹುಮಂದಿ ಎರಡು ಹೊರೆ ಹೊತ್ತು ಬರುತ್ತಾರೆ. ಒಂದು ಭಯ. ಇನ್ನೊಂದು, ವಿಶ್ವಾಸಿಯಾಗಿದ್ದೂ ಹೀಗೆ ಹೆದರುತ್ತಿದ್ದೇನಲ್ಲ ಎಂಬ ಅಪರಾಧಿ ಭಾವ. ಮೊದಲು ಇಳಿಸಬೇಕಾದದ್ದು ಎರಡನೆಯದನ್ನು. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ತಲ್ಲಣಿಸಿದರೆಂದು ಮಾರ್ಕನ ಸುವಾರ್ತೆಯ 14ನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ‘ಭಯಪಡಬೇಡ’ ಎಂಬ ಮಾತು ಸತ್ಯವೇದದಲ್ಲಿ ಹೆಚ್ಚಾಗಿ ಬರುವುದು ಆಗಲೇ ಹೆದರಿ ಕೂತವರಿಗೆ. ಅದು ಗದರಿಕೆಯಲ್ಲ, ಜ್ವರದ ಮಗುವಿನ ಪಕ್ಕ ಕೂತ ತಾಯಿ ‘ನಾನಿದ್ದೀನಿ’ ಅಂದಂತೆ. (ಆ ಮಾತು ಸರಿಯಾಗಿ 365 ಸಲ ಇದೆ, ದಿನಕ್ಕೊಂದು ಎಂಬ ವಾಟ್ಸಾಪ್ ಲೆಕ್ಕ ಬಿಡಿ, ಎಣಿಸಿದರೆ ಅಷ್ಟು ಸಿಗುವುದಿಲ್ಲ.)

ಇನ್ನು ಪ್ರಾರ್ಥನೆ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂತು, ಕೆಲಸ ಹೋದರೆ ಇಎಂಐ ಏನು, ಮನೆ ಖಾಲಿ ಮಾಡಿ ಅಂದರೆ ಎಲ್ಲಿಗೆ, ಮಗಳ ಸ್ಕೂಲ್ ಫೀಸು ಹೇಗೆ ಎಂದು ತಿರುಗಿಸುತ್ತಲೇ ಇದ್ದು, ಕೊನೆಗೆ ‘ಆಮೆನ್’ ಅಂದರೆ ಅದು ಚಿಂತೆಯೇ, ಪ್ರಾರ್ಥನೆಯಲ್ಲ. ಏಳುವಾಗ ಎದೆ ಇನ್ನೂ ಜೋರಾಗಿ ಬಡಿಯುತ್ತಿರುತ್ತದೆ. ಇದಕ್ಕೆ ಸತ್ಯವೇದದ 13ನೇ ಕೀರ್ತನೆ ಒಳ್ಳೆಯ ಅಚ್ಚು. ಇರುವುದು ಆರೇ ವಚನ. ಮೊದಲೆರಡರಲ್ಲಿ ‘ಎಲ್ಲಿಯ ತನಕ’ ಎಂಬ ದೂರು ನಾಲ್ಕು ಸಲ, ಮುಂದಿನೆರಡರಲ್ಲಿ ನೇರವಾದ ಬೇಡಿಕೆ, ಕೊನೆಯೆರಡರಲ್ಲಿ ಭರವಸೆ. ಅದೇ ಅಳತೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಹತ್ತು ನಿಮಿಷ ಸಾಕು. ‘ನನಗೆ ಭಯ’ ಎಂದು ಬರೆಯಬೇಡಿ, ‘ಶುಕ್ರವಾರದ ಅಪ್ರೈಸಲ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ನನ್ನನ್ನು ತೆಗೆಯುವರೆಂಬ ಭಯ’ ಎಂದು ಬರೆಯಿರಿ. ಬೇಡಿಕೆಯೂ ಅಷ್ಟೇ ಚಿಕ್ಕದಿರಲಿ. ಕೊನೆಗೆ, ಈ ಹಿಂದೆ ದೇವರು ನಡೆಸಿಕೊಂಡು ಬಂದ ಒಂದು ಸಂಗತಿ. ಅದರ ಕೆಳಗೆ ಇವತ್ತೇ ಮಾಡಬಹುದಾದ ಒಂದೇ ಒಂದು ಕೆಲಸ: ರೆಸ್ಯೂಮೆ ತಿದ್ದುವುದೋ, ಮನೆ ಓನರ್‌ಗೆ ಫೋನ್ ಮಾಡುವುದೋ. ಆಯಾ ದಿನದ ಪಾಡು ಆಯಾ ದಿನಕ್ಕೆ ಸಾಕು ಎಂಬ ಮತ್ತಾಯ 6:34ರ ಮಾತು ಇಲ್ಲಿ ಕೈಗೆ ಬರುತ್ತದೆ. ಹತ್ತು ನಿಮಿಷವಾದ ಮೇಲೆ ಪುಸ್ತಕ ಮುಚ್ಚಿ ಏಳಿ, ಮನಸ್ಸು ಹಗುರವಾಗದಿದ್ದರೂ ಸರಿ. ಭಯ ಪೂರ್ತಿ ಹೋಗುವ ತನಕ ಪ್ರಾರ್ಥಿಸುತ್ತೇನೆ ಎಂದು ಕೂತರೆ ಭಯವನ್ನೇ ಕಾದು ಕೂತಂತೆ.

ಕೆಲವು ಭಯಗಳು ಕೂತು ಬರೆದರೆ ಬಗ್ಗುವುದಿಲ್ಲ: ಲಿಫ್ಟು, ಗುಂಪು, ಸುರಂಗದ ಮೆಟ್ರೋ. ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಸಲಕ್ಕೆ ಭಯವನ್ನು ಬಲಪಡಿಸುತ್ತದೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಬೆಂಗಳೂರು ಮೆಟ್ರೋದ ನೇರಳೆ ಮಾರ್ಗದ ಎಂ.ಜಿ. ರೋಡ್ ನಿಲ್ದಾಣ ನೆಲದ ಮೇಲಿದೆ, ಮುಂದಿನ ಕಬ್ಬನ್ ಪಾರ್ಕ್ ನೆಲದಡಿ. ಮೊದಲು ಕಬ್ಬನ್ ಪಾರ್ಕ್ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತು ಬನ್ನಿ. ಆಮೇಲೆ ಎಂ.ಜಿ. ರೋಡಿನಿಂದ ಆ ಒಂದೇ ನಿಲ್ದಾಣದಷ್ಟು ಪಯಣ, ಅದು ರೂಢಿಯಾದ ಮೇಲೆ ವಿಧಾನಸೌಧ, ಕೊನೆಗೆ ಮೆಜೆಸ್ಟಿಕ್. ವಾರಕ್ಕೆ ಮೂರ್ನಾಲ್ಕು ಸಲ. ಪ್ರತಿ ಸಲ ಭಯ ಹತ್ತಕ್ಕೆ ಎಷ್ಟೆಂದು ಗುರುತು ಹಾಕಿ. ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯುವ ತನಕ ಅದೇ ಮೆಟ್ಟಿಲು.

ಇಲ್ಲಿ ಭಕ್ತರು ಎಡವುವ ಜಾಗ ಒಂದಿದೆ. ರೈಲು ಹತ್ತುವ ಮುಂಚೆ ಒಮ್ಮೆ ಪ್ರಾರ್ಥಿಸಿ, ಆಮೇಲೆ ಕಣ್ಣು ತೆರೆದೇ ಇರಿ. ಇಳಿಯುವ ತನಕ, ದೇವರು ಕಾಯುತ್ತಾನೆ ಎನ್ನುವ 91ನೇ ಕೀರ್ತನೆಯನ್ನೋ ಜಪಸರವನ್ನೋ ಉಸಿರುಗಟ್ಟಿ ಹೇಳುತ್ತಿದ್ದರೆ, ಇಪ್ಪತ್ತು ಸಲ ಹೇಳಿದ್ದಕ್ಕೇ ಬದುಕಿದೆ ಎಂದು ಮನಸ್ಸು ಪಾಠ ಕಲಿಯುತ್ತದೆ. ನಾಳೆ ಇಪ್ಪತ್ತೊಂದು ಬೇಕಾಗುತ್ತದೆ. ವಚನ ತಾಯಿತವಾಗುವುದು ಹೀಗೆ. ದೇವಾಲಯದ ಮೇಲಿಂದ ಧುಮುಕು ಎಂದು ಯೇಸುವಿಗೆ ಹೇಳಿದಾಗ ಸೈತಾನ ಉಲ್ಲೇಖಿಸಿದ್ದೂ ಇದೇ 91ನೇ ಕೀರ್ತನೆಯನ್ನು.

ಶರೀರವನ್ನೂ ಕೇಳಬೇಕು. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಸಾಯುವುದೇ ಮೇಲೆಂದು ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಐದು ಗಂಟೆ ನಿದ್ದೆ, ಖಾಲಿ ಹೊಟ್ಟೆಗೆ ಮೂರು ಫಿಲ್ಟರ್ ಕಾಫಿ, ಮೇಲೆ ಉಪವಾಸ ಪ್ರಾರ್ಥನೆ ಎಂದರೆ ಯಾರಿಗಾದರೂ ಕೈ ನಡುಗುತ್ತದೆ. ತೀವ್ರ ಭಯದಲ್ಲಿರುವವರಿಗೆ ಉಪವಾಸ ಹೇಳುವ ಮುಂಚೆ ಪಾಸ್ಟರುಗಳೂ ಫಾದರುಗಳೂ ಇದನ್ನು ಯೋಚಿಸಬೇಕು.

ಎದೆ ನೋವು ಮೊದಲ ಸಲವಾದರೆ ಆತಂಕವೆಂದು ನೀವೇ ತೀರ್ಮಾನಿಸದೆ ಇಸಿಜಿ ಮಾಡಿಸಿ. ಎರಡು ವಾರ ನಿದ್ದೆ ಕೆಟ್ಟರೆ, ಕೆಲಸಕ್ಕೆ ಹೋಗಲಾಗದಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕೆನಿಸಿದರೆ ಎರಡು ವಾರ ಕಾಯಬೇಡಿ, ಆ ದಿನವೇ ಹೋಗಿ, ಒಬ್ಬರೇ ಇರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸ್ವಸ್ಥತೆಯ ಪ್ರಾರ್ಥನೆಯಾಯಿತೆಂದು ಮಾತ್ರೆ ಬಿಡಬೇಡಿ, ಸುವಾರ್ತೆ ಬರೆದ ಲೂಕನೂ ವೈದ್ಯನೇ. ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರುತ್ತದೆ, ಹಳೇ ಭಯವೇ ಮರಳಿತೆಂದು ಜನ ಅದನ್ನು ತಪ್ಪು ತಿಳಿಯುತ್ತಾರೆ. ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ವೈದ್ಯರೇ ಹಂತ ಹಂತವಾಗಿ ಮಾಡಿಸಬೇಕು.